ಆ ದನಿ ನನ್ನದೇ, ಮಾತಾಡಿದವಳು ನಾನಲ್ಲ

ವಿದ್ಯುತ್ ವಿಭಾಗದ ಮುಖ್ಯ ಕುರ್ಚಿಯಲ್ಲಿ ಕೂತಿರುವ ಮಾನ್ಯರೇ,

ಭರಣಿ ಮಳೆಯ ಗಾಳಿ ಬಂದ ಮಧ್ಯಾಹ್ನ ನಾನು ಸಬ್‌ಸ್ಟೇಷನ್ನಿನ ಫೋನಿನಲ್ಲಿ ‘ಸ್ಪಷ್ಟವಾದ, ನಿರರ್ಗಳವಾದ ಧ್ವನಿಯಲ್ಲಿ’ ಸುಳ್ಳು ಲೈನ್ ಕ್ಲಿಯರ್ ಕೊಟ್ಟೆನೆಂದೂ, ಅದನ್ನು ನಂಬಿ ಕಂಬ ಹತ್ತಿದ ಲೈನ್‌ಮನ್ ಭೀಮರಾಜುವಿನ ಬಲಗೈ ಸುಟ್ಟಿತೆಂದೂ ತಾವು ನನ್ನ ಮೇಲೆ ಆರೋಪ ಹೊರಿಸಿ ಅಮಾನತು ಮಾಡಿದ್ದೀರಿ. ಓದಿ ನಗು ಬಂತು. ನಗುವಾಗ ನನ್ನ ಗಂಟಲು ಹಿಡಿಯುವುದಿಲ್ಲ, ಹಾಗಾಗಿ ಚೆನ್ನಾಗಿಯೇ ನಕ್ಕೆ. ಆಮೇಲೆ ಪಕ್ಕದಲ್ಲಿ ಕೂತಿದ್ದ ನಮ್ಮಮ್ಮನಿಗೆ ವಿಷಯವೇನೆಂದು ಹೇಳಲು ಬಾಯಿ ತೆರೆದರೆ ಮೊದಲ ಪದವೇ ಹೊರಡಲಿಲ್ಲ. ಎರಡು ವರ್ಷದಿಂದ ನನ್ನ ಬಾಯಿಂದ ಒಂದು ಇಡೀ ವಾಕ್ಯ ತುಂಡಾಗದೆ ಬಂದದ್ದಿಲ್ಲ. ಇದು ತಮಗೂ ಗೊತ್ತು, ಏಕೆಂದರೆ ಆ ಬಗ್ಗೆ ನಾನು ಕೊಟ್ಟ ಅರ್ಜಿಗಳನ್ನೆಲ್ಲ ತಿರಸ್ಕರಿಸಿದವರು ತಾವೇ. ಹಾಗಿದ್ದಮೇಲೆ ಅಂದು ಫೋನಿನಲ್ಲಿ ಅಷ್ಟು ಚೆಂದವಾಗಿ ಮಾತಾಡಿದವಳು ಯಾರು? ಉತ್ತರ ತಮ್ಮ ಹತ್ತಿರವೇ ಇದೆ. ತಾವು ಹೇಳುವ ಹಾಗೆ ಕಾಣುವುದಿಲ್ಲವಾದ್ದರಿಂದ ನಾನು ಊರ ಮುಂದೆ ಇಟ್ಟು ಹೇಳಬೇಕಾಗಿದೆ.

ತಮಗೆ ತಿಳಿದದ್ದನ್ನೇ ಊರವರಿಗಾಗಿ ಒಮ್ಮೆ ಬರೆಯುತ್ತೇನೆ, ಸಹಿಸಿಕೊಳ್ಳಿ. ನಮ್ಮದು ತೆಂಗಿನ ಸೀಮೆ. ತಿಪಟೂರು ಬಿಟ್ಟು ಹೊನ್ನವಳ್ಳಿ ಕಡೆಗೆ ಹೋದರೂ ಅಷ್ಟೆ, ಹಂದನಕೆರೆ ಕಡೆಗೆ ಹೋದರೂ ಅಷ್ಟೆ, ಕರೆಂಟಿನ ತಂತಿ ತೋಟಗಳ ಒಳಗಿಂದಲೇ ನುಸುಳಿಕೊಂಡು ಹೋಗಬೇಕು. ಒಂದು ಜೋರು ಗಾಳಿ ಬೀಸಿದರೆ ಎಲ್ಲೋ ಒಂದು ಗರಿ ತಂತಿಯ ಮೇಲೆ ಬೀಳುತ್ತದೆ, ಹತ್ತಾರು ಬೋರ್‌ವೆಲ್ ಮೋಟರು ಒಟ್ಟಿಗೆ ನಿಲ್ಲುತ್ತವೆ. ಆಗ ಲೈನ್‌ಮನ್ ಕಂಬದ ಬುಡಕ್ಕೆ ಬಂದು ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಇಂಥ ಲೈನ್ ತೆಗೀರಿ ಅನ್ನುತ್ತಾನೆ. ಅಲ್ಲಿ ಕೂತ ಆಪರೇಟರ್ ಆ ಲೈನಿನ ಬ್ರೇಕರ್ ಎಂಬ ದೊಡ್ಡ ಸ್ವಿಚ್ಚನ್ನು ತೆಗೆದು ಕರೆಂಟು ಕಡಿದು, ಕೆಂಪು ದೀಪ ಆರಿ ಹಸಿರು ದೀಪ ಹತ್ತಿದ್ದನ್ನು ಕಣ್ಣಾರೆ ಕಂಡು, ಹೊರಗೆ ಯಾರ್ಡಿಗೂ ಹೋಗಿ ನೋಡಿ ಬಂದು, ಆಮೇಲೆ ‘ತೆಗೆದಿದ್ದೇನೆ, ಹತ್ತು’ ಎಂದು ಹೇಳಬೇಕು. ಇದೇ ಲೈನ್ ಕ್ಲಿಯರ್. ಕಂಬದ ಬುಡದಲ್ಲಿ ನಿಂತವನಿಗೆ ದೀಪ ಕಾಣುವುದಿಲ್ಲ, ಬ್ರೇಕರ್ ಕಾಣುವುದಿಲ್ಲ, ಆಪರೇಟರ್ ಮುಖವೂ ಕಾಣುವುದಿಲ್ಲ. ಅವನು ಬರೀ ಒಂದು ದನಿಯನ್ನು ನಂಬಿ ಹತ್ತುತ್ತಾನೆ. ಬಹಳ ವರ್ಷ ಆ ದನಿ ನನ್ನದಾಗಿತ್ತು. ಯಾರು ಮಾತಾಡೋದು ಅಂತ ಯಾವ ಲೈನ್‌ಮನ್ನೂ ನನ್ನನ್ನು ಕೇಳಿದ್ದಿಲ್ಲ.

ಎರಡು ವರ್ಷದ ಹಿಂದೆ ಮಾಗಿಯಲ್ಲಿ ನನಗೊಂದು ನೆಗಡಿ ಬಂತು. ನೆಗಡಿ ಹೋಯಿತು, ಆದರೆ ಮಾತಿನ ನಡುವೆ ಗಂಟಲು ಹಿಡಿಯುವುದು ಶುರುವಾಯಿತು. ಅ, ಆ, ಎ ಎಂದು ಶುರುವಾಗುವ ಪದಗಳು ಬಂದರೆ ಯಾರೋ ಕುತ್ತಿಗೆ ಹಿಸುಕಿದ ಹಾಗೆ ದನಿ ಬಿಗಿದುಕೊಂಡು, ನಡುವೆ ಕಡಿದು, ಕೀರಲಾಗಿ ಬರುತ್ತಿತ್ತು. ನನ್ನ ಕೆಲಸದ ಎರಡೇ ಎರಡು ಮುಖ್ಯ ಪದಗಳಾದ ‘ಆನ್’, ‘ಆಫ್’ ಎರಡೂ ಇದಕ್ಕೆ ಸಿಕ್ಕಿಬಿದ್ದವು ನೋಡಿ, ಎಂಥ ಅದೃಷ್ಟ! ಹಟ್ಟಿಯಲ್ಲಿ ಹಸುವನ್ನು ಗದರಿದರೆ ದನಿ ಸರಿಯಾಗಿರುತ್ತಿತ್ತು. ಪಿಸುಮಾತು ಸರಾಗವಾಗಿ ಬರುತ್ತಿತ್ತು, ಆದರೆ ಅದು ಫೋನಿನಲ್ಲಿ ಕೇಳಿಸದು. ಫೋನ್ ಕಿವಿಗಿಟ್ಟರೆ ಮಾತ್ರ ಅರ್ಧ ಪದ ಆ ಕಡೆ, ಅರ್ಧ ಪದ ಈ ಕಡೆ. ಮನೆಯವರು ಶುಂಠಿ, ಹಿಪ್ಪಲಿ, ಜೇನುತುಪ್ಪ ಎಲ್ಲ ಕುಡಿಸಿದರು. ಯಾರೋ ಬಾಯಿ ಕಟ್ಟಿಸಿದ್ದಾರೆ ಎಂದು ನಮ್ಮತ್ತೆ ದೃಷ್ಟಿ ನಿವಾಳಿಸಿ ಮೂರು ದಾರಿ ಕೂಡುವಲ್ಲಿ ಬಿಸಾಡಿ ಬಂದರು. ಒಬ್ಬ ಡಾಕ್ಟರು ಹೊಟ್ಟೆಯ ಹುಳಿ ಮೇಲೆ ಬರುತ್ತಿದೆ ಎಂದು ಮಾತ್ರೆ ಕೊಟ್ಟರು. ಇನ್ನೊಬ್ಬರು ಮಾತಾಡದೆ ಇರಿ ಎಂದರು. ಮತ್ತೊಬ್ಬರು ಮನೆಯಲ್ಲಿ ಏನಾದರೂ ಜಗಳವಾ ಎಂದು ನನ್ನ ಗಂಡನನ್ನು ಅನುಮಾನದಿಂದ ನೋಡಿದರು. ಅವರು ಪಾಪ, ಹೆಂಡತಿ ಮಾತು ನಿಂತಿದ್ದಕ್ಕೆ ಊರಲ್ಲೇ ದುಃಖಪಟ್ಟ ಒಬ್ಬನೇ ಗಂಡ.

ಕಡೆಗೆ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರಮ್ಮ ಮೂಗಿನೊಳಗಿಂದ ಸಣ್ಣ ಕ್ಯಾಮೆರಾ ಇಳಿಸಿ ನನ್ನಿಂದ ಅಂಕಿ ಹೇಳಿಸಿದರು, ಪಿಸುಗುಡಿಸಿದರು, ನಗಿಸಿದರು. ನಗಿಸಲು ಅವರು ಹೇಳಿದ ಹಾಸ್ಯ ಸಪ್ಪೆಯಾಗಿತ್ತು, ಆದರೂ ನಕ್ಕೆ. ಆಮೇಲೆ ಕುರ್ಚಿ ಎಳೆದುಕೊಂಡು ಎದುರಿಗೆ ಕೂತು ಹೇಳಿದರು. “ನಿಮ್ಮ ಗಂಟಲೂ ಕೆಟ್ಟಿಲ್ಲ, ಮನಸ್ಸೂ ಕೆಟ್ಟಿಲ್ಲಮ್ಮ. ಮಿದುಳಿಂದ ಬರೋ ಆಜ್ಞೆ ತಪ್ಪಾಗಿ ಬರ್ತಿದೆ. ಗಂಟಲಿನ ಸ್ನಾಯು ಅದನ್ನ ಪಾಲಿಸ್ತಾ ಇದೆ, ಅಷ್ಟೆ.” ಮೇಲಿನಿಂದ ತಪ್ಪು ಆಜ್ಞೆ ಬಂದರೆ ಕೆಳಗಿನವರು ಬಿಗಿದುಕೊಂಡು ಪಾಲಿಸುತ್ತಾರೆ, ಹೆಸರು ಕೆಡುವುದು ಮಾತ್ರ ಕೆಳಗಿನವರದು. ನಮ್ಮ ಇಲಾಖೆಯಲ್ಲಿ ಇಷ್ಟು ವರ್ಷ ಕೆಲಸ ಮಾಡಿದ ನನಗೆ ಈ ರೋಗ ಒಂದೇ ಸಲಕ್ಕೆ ಅರ್ಥವಾಯಿತು.

ಅದಕ್ಕೆ ಸ್ಪಾಸ್ಮೋಡಿಕ್ ಡಿಸ್ಫೋನಿಯಾ ಎನ್ನುತ್ತಾರೆ. ದನಿ ಸೆಳೆತ ಅಂದುಕೊಳ್ಳಿ. ದನಿ ಹೊರಡಬೇಕಾದರೆ ಗಂಟಲೊಳಗಿನ ಎರಡು ತಂತುಗಳು ಹದವಾಗಿ ಕೂಡಬೇಕು. ನನಗೆ ಅವು ಹದ ಮೀರಿ ಗಟ್ಟಿಯಾಗಿ ಕೂಡಿಕೊಂಡುಬಿಡುತ್ತವೆ. ತೋಟಕ್ಕೆ ನೀರು ಹರಿಯುತ್ತಿರುವಾಗಲೇ ಯಾರೋ ಗೇಟ್‌ವಾಲ್ವ್ ತಿರುವಿದ ಹಾಗೆ. ಯಾಕೆ ಬರುತ್ತದೆ ಎಂದು ಡಾಕ್ಟರುಗಳಿಗೂ ಪೂರ್ತಿ ಗೊತ್ತಿಲ್ಲವಂತೆ. ಕೆಲವರಿಗೆ ನೆಗಡಿ ಆದಮೇಲೆ, ಕೆಲವರಿಗೆ ದೊಡ್ಡ ಚಿಂತೆ ಕಳೆದಮೇಲೆ, ಕೆಲವು ಮನೆತನಗಳಲ್ಲಿ ರಕ್ತದಲ್ಲೇ ಬರಬಹುದು. ಹೆದರಿಕೆ, ಆತುರ ಇದ್ದರೆ ಹೆಚ್ಚುತ್ತದೆ, ಆದರೆ ಹೆದರಿಕೆಯೇ ಕಾರಣವಲ್ಲ. ಪೂರಾ ವಾಸಿ ಮಾಡುವ ಮದ್ದು ಇನ್ನೂ ಬಂದಿಲ್ಲ. ಆದರೆ ಬೊಟುಲಿನಮ್ ಎಂಬ ಮದ್ದನ್ನು ಸೂಜಿಯಲ್ಲಿ ಕುತ್ತಿಗೆಯ ಮುಂಭಾಗದಿಂದ ಆ ಸ್ನಾಯುವಿಗೇ ಒಂದಿಷ್ಟು ಹಾಕಿದರೆ ಬಿಗಿ ಸಡಿಲುತ್ತದೆ. ಮೊದಲ ಒಂದೆರಡು ವಾರ ದನಿ ಗಾಳಿಯಂತಾಗಿ, ನೀರು ಕುಡಿದರೆ ಕೆಮ್ಮು ಬರುತ್ತದೆ. ಆಮೇಲೆ ಮೂರು ನಾಲ್ಕು ತಿಂಗಳು ಮನುಷ್ಯರ ಹಾಗೆ ಮಾತಾಡಬಹುದು. ಮದ್ದಿನ ಬಲ ಇಳಿದಮೇಲೆ ಮತ್ತೆ ಹಾಕಿಸಬೇಕು. ಜೊತೆಗೆ ಉಸಿರು ಹಿಡಿದು ಮಾತಾಡುವುದನ್ನು ಕಲಿಸುವವರಿದ್ದಾರೆ. ಅಂದರೆ ದಾರಿ ಇತ್ತು. ಆ ಸೂಜಿಗಾಗಿ ರಜೆ ಕೊಡಿ, ಅಲ್ಲಿಯವರೆಗೆ ಫೋನಿಲ್ಲದ ಯಾವುದಾದರೂ ಮೂಲೆಗೆ ಹಾಕಿ ಎಂದು ನಾನು ತಮ್ಮನ್ನು ಕೇಳಿಕೊಂಡೆ. ಈ ಕಾಯಿಲೆ ಅಂಗೀಕೃತ ಕಾಯಿಲೆಗಳಲ್ಲಿ ಸೇರಿಲ್ಲ ಎಂದು ಉತ್ತರ ಬಂತು. ನನ್ನ ಗಂಟಲು ಸರ್ಕಾರದ ಅನುಮತಿ ಇಲ್ಲದೆ ಕೆಟ್ಟದ್ದು ನಿಜಕ್ಕೂ ಉದ್ಧಟತನ.

ಹಾಡಿನ ವಿಷಯಕ್ಕೆ ಬರುತ್ತೇನೆ, ತಮಗೆ ಅತಿ ಹೆಚ್ಚು ಸಿಟ್ಟು ಬರಿಸಿದ್ದು ಅದೇ. ನಮ್ಮಮ್ಮ ಲಕ್ಷ್ಮಕ್ಕ ಮಾಯಸಂದ್ರದ ಕಡೆಯವರು, ಮದುವೆ ಮನೆಗಳಲ್ಲಿ ಸೋಬಾನೆ ಎತ್ತುವವರು. ಅವರು ಒಂದು ಸಾಲು ಹಾಡಿದರೆ ಸುತ್ತ ಕೂತ ಹೆಂಗಸರು ‘ಸೋ’ ಎನ್ನಬೇಕು. ‘ಸೋ’ ಬಾರದೆ ಮುಂದಿನ ಸಾಲು ಇಲ್ಲ. ನನ್ನ ದನಿ ಹೋದ ವರ್ಷ ನೆಂಟರ ಮದುವೆಯ ಹಸೆಯ ಮುಂದೆ ಅಮ್ಮ ನನ್ನನ್ನು ಎಳೆದು ಕೂರಿಸಿಕೊಂಡರು. ನಾನು ದನಿ ಕೂಡಿಸಿದೆ. ಮೊದಲ ಸಾಲು ಇಡಿಯಾಗಿ ಬಂತು, ಎರಡನೆಯದೂ ಬಂತು. ಹಾಡು ಮುಗಿಯುವವರೆಗೆ ನನ್ನ ಗಂಟಲು ಒಮ್ಮೆಯೂ ಹಿಡಿಯಲಿಲ್ಲ, ನನ್ನ ಕಣ್ಣಲ್ಲಿ ನೀರು ನಿಲ್ಲಲಿಲ್ಲ. ಹಾಡಿಗೆ ಮಿದುಳಿನಲ್ಲಿ ಬೇರೆ ದಾರಿ ಇರಬಹುದು ಎಂದು ಡಾಕ್ಟರಮ್ಮ ಆಮೇಲೆ ಹೇಳಿದರು, ಈ ಕಾಯಿಲೆಯ ಎಷ್ಟೋ ಜನರಿಗೆ ಹೀಗೇ ಅಂತೆ. ಮದುವೆ ಮನೆಯ ಹೆಂಗಸರಿಗೆ ಮಾತ್ರ ಡಾಕ್ಟರಮ್ಮನ ಮಾತು ಬೇಕಿರಲಿಲ್ಲ. “ಇಷ್ಟ್ ದಿನ ನಾಟ್ಕ ಆಡ್ತಿದ್ಲು ಕಣೇ ಇವ್ಳು,” ಎಂದು ಒಬ್ಬಳು ನನಗೆ ಕೇಳುವ ಹಾಗೆಯೇ ಅಂದಳು. ಅವಳಿಗೂ ತಮಗೂ ನೆಂಟಸ್ತನವೇನಾದರೂ ಇದೆಯೇ?

ಅದಾದ ಕೆಲವೇ ದಿನಕ್ಕೆ ಕೆರೆಕೋಡಿ ಲೈನಿನಲ್ಲಿ ಗರಿ ಬಿದ್ದು ಭೀಮರಾಜು ಫೋನ್ ಮಾಡಿದ. ನಾನು ಬ್ರೇಕರ್ ತೆಗೆದು ಎಲ್ಲ ನೋಡಿ ಬಂದು ಹೇಳಲು ಹೋದರೆ ಗಂಟಲು ಕಚ್ಚಿಕೊಂಡಿತು. ಅವನು ಅಕ್ಕಾ, ಅಕ್ಕಾ ಎಂದು ಕೂಗುತ್ತಿದ್ದ. ದಾರಿ ಕಾಣದೆ ಅಮ್ಮನ ಧಾಟಿಯಲ್ಲಿ ಹಾಡಿಬಿಟ್ಟೆ:

ಕೆರೆಕೋಡಿ ಲೈನೀನ ಕರೆಂಟು ತೆಗೆದೀನಿ
ಕೆಂಪುದೀಪಾರಿ ಹಸಿರಾಯ್ತು – ತಮ್ಮಯ್ಯ
ಬೆಲ್ಟು ಬಿಗಿದು ಕಂಬ ಹತ್ತಯ್ಯ

ಭೀಮರಾಜು ನಗದೆ, ತಮಾಷೆ ಮಾಡದೆ, “ಸೋ” ಅಂದ. ಅಂದಿನಿಂದ ನಮ್ಮ ಲೈನ್‌ಮನ್‌ಗಳಿಗೂ ನನಗೂ ಅದೇ ಪದ್ಧತಿ ಆಯಿತು. ನಾನು ಲೈನಿನ ಹೆಸರು ಹಾಡಿದರೆ ಅವರು ‘ಸೋ’ ಅನ್ನಬೇಕು, ದೀಪದ ಬಣ್ಣ ಹಾಡಿದರೆ ‘ಸೋ’ ಅನ್ನಬೇಕು. ಅವರು ಅನ್ನದಿದ್ದರೆ ನಾನು ಮುಂದೆ ಹೋಗುವುದಿಲ್ಲ, ನಾನು ಮುಂದೆ ಹೋಗದಿದ್ದರೆ ಅವರು ಕಂಬ ಮುಟ್ಟುವುದಿಲ್ಲ. ಹಿಂದೆ ಮಾತಿನಲ್ಲಿ ಕೊಡುವಾಗ ‘ತೆಗ್ದಿದೀನಿ, ಹತ್ತು’ ಎಂದು ಮುಗಿಸಿಬಿಡುತ್ತಿದ್ದೆ. ಹಾಡಿಗೆ ಬಂದಮೇಲೆ ಒಂದೊಂದನ್ನೂ ಹೆಸರಿಟ್ಟು ಹೇಳಲೇಬೇಕಾಗುತ್ತಿತ್ತು. ಅಷ್ಟು ಕಾಲ ಹಾಡಿ ಕೊಟ್ಟ ಲೈನ್ ಕ್ಲಿಯರ್‌ನಲ್ಲಿ ಯಾರ ಬೆರಳ ತುದಿಯೂ ಕಂದಲಿಲ್ಲ ಎಂಬುದನ್ನು ತಾವೂ ಅಲ್ಲಗಳೆಯಲಾರಿರಿ.

ಆದರೆ ಯಾರೋ ಪುಣ್ಯಾತ್ಮರು ಅದನ್ನು ಮೊಬೈಲಿನಲ್ಲಿ ಹಿಡಿದು ವಾಟ್ಸಾಪಿಗೆ ಬಿಟ್ಟರು. ಊರು ನಕ್ಕಿತು, ನಾನೂ ನಕ್ಕೆ. ತಾವು ಮಾತ್ರ ನಗಲಿಲ್ಲ. ಕಚೇರಿಯ ದೂರವಾಣಿಯಲ್ಲಿ ಹಾಡುವುದು ಇಲಾಖೆಯ ಘನತೆಗೆ ಕುಂದು, ಮುಂದೆ ಹಾಡಿದರೆ ಶಿಸ್ತು ಕ್ರಮ ಎಂದು ಆದೇಶ ಹೊರಡಿಸಿದಿರಿ. ಹಾಡಲು ಬರುವವಳಿಗೆ ಮಾತು ಬರುವುದಿಲ್ಲ ಎಂದರೆ ನಂಬಲು ನಾವೇನು ಮಕ್ಕಳೇ ಎಂದೂ ಎದುರಿಗೆ ಕೇಳಿದಿರಿ. ನಮ್ಮಲ್ಲಿ ಅಟ್ಟದ ಮೇಲಿನ ಕಾಯಿಯನ್ನು ಸಹ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಒಣಗಿದ ಗಿಟುಕು ಕೊಬ್ಬರಿ ಲೊಡಗುಟ್ಟುವುದನ್ನು ಕೇಳಿಯೇ ಸುಲಿಯುತ್ತಾರೆ. ತಾವು ಒಬ್ಬ ಹೆಂಗಸನ್ನು ಒಂದು ಗಳಿಗೆ ಕಿವಿಗೊಟ್ಟು ಕೇಳದೆ ಸುಳ್ಳಿ ಎಂದು ತೀರ್ಮಾನಿಸಿದಿರಿ. ಆ ದಿನ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಇದಾದಮೇಲೆ ತಮಗೊಂದು ಉಪಾಯ ಹೊಳೆಯಿತು. ಗಂಟಲು ಕೆಡುವ ಮೊದಲು ಒಮ್ಮೆ ಸುರಕ್ಷತಾ ಸಪ್ತಾಹದಲ್ಲಿ, ಹೊಸ ಲೈನ್‌ಮನ್‌ಗಳಿಗೆ ಲೈನ್ ಕ್ಲಿಯರ್ ಎಂದರೆ ಹೇಗಿರಬೇಕೆಂದು ತೋರಿಸಲು ನನ್ನಿಂದ ಒಂದು ಮಾದರಿ ಹೇಳಿಸಿ ರೆಕಾರ್ಡ್ ಮಾಡಿಸಿದ್ದಿರಿ. “ನಮಸ್ಕಾರ. ನೀವು ಕೇಳಿದ ಲೈನನ್ನು ತೆಗೆಯಲಾಗಿದೆ. ಈಗ ನೀವು ಸುರಕ್ಷಿತವಾಗಿ ಕೆಲಸ ಮಾಡಬಹುದು. ಧನ್ಯವಾದಗಳು.” ಅದನ್ನು ಹುಡುಕಿ ತೆಗೆಸಿ, ಒಂದು ಪೆಟ್ಟಿಗೆಯೊಳಗೆ ತುಂಬಿಸಿ, ಫೋನಿಗೆ ಜೋಡಿಸಿ, ಪೆಟ್ಟಿಗೆಗೊಂದು ಗುಂಡಿ ಇಡಿಸಿದಿರಿ. ಗುಂಡಿ ಒತ್ತಿದರೆ ನನ್ನ ಹಳೆಯ ದನಿ ಲೈನ್ ಕ್ಲಿಯರ್ ಕೊಡುತ್ತದೆ. ಮೂಲ ರಾಧಾಮಣಿ, ಅಂದರೆ ನಾನು, ಬ್ರೇಕರ್ ನೋಡಿಕೊಂಡು ಬಾಯಿ ಮುಚ್ಚಿಕೊಂಡಿದ್ದರಾಯಿತು. ಯಾವ ಲೈನು ಎಂದು ಆ ದನಿ ಹೇಳುವುದಿಲ್ಲವಲ್ಲ ಎಂದು ನಾನು ಚೀಟಿಯಲ್ಲಿ ಬರೆದು ಕೇಳಿದೆ. ‘ನೀವು ಕೇಳಿದ ಲೈನು’ ಎಂದು ಹೇಳುತ್ತದಲ್ಲ, ಇನ್ನೇನು ಬೇಕು ಎಂದಿರಿ. ಪೆಟ್ಟಿಗೆ ಬಂದ ವಿಷಯವನ್ನು ಕಂಬ ಹತ್ತುವವರಿಗೆ ಹೇಳುವುದನ್ನು ಮಾತ್ರ ಮರೆತಿರಿ. ಕಚೇರಿಯ ಗೋಡೆಗೆ ಇಂಗ್ಲಿಷಿನಲ್ಲಿ ಒಂದು ಸುತ್ತೋಲೆ ಅಂಟಿಸಿದ್ದೀರಂತೆ, ಭೀಮರಾಜು ದಿನವಿಡೀ ಇರುವುದು ತೋಟಗಳಲ್ಲಿ.

ಭರಣಿ ಗಾಳಿ ಬಂದದ್ದು ಅದೇ ವಾರ. ಅಂದು ಫೋನಿನ ಮುಂದೆ ಕೂತಿದ್ದವರು ಶಿಫ್ಟ್ ಇಂಜಿನಿಯರ್ ಸೂರ್ಯಪ್ರಕಾಶ್. ಚಿಕ್ಕರಂಗಯ್ಯನೆಂಬ ಲೈನ್‌ಮನ್ ಮೇಲ್ತೋಟದ ಲೈನು ತೆಗೆಯಲು ಹೇಳಿದ. ನಾನು ಅದರ ಬ್ರೇಕರ್ ತೆಗೆದು, ಸರಿಯಾಗಿ ಬಿಟ್ಟಿದೆಯೇ ನೋಡಲು ಯಾರ್ಡಿಗೆ ಹೋದೆ. ಧೂಳೆದ್ದು ಕಣ್ಣು ಬಿಡಲಾಗುತ್ತಿರಲಿಲ್ಲ, ಹಾಗಾಗಿ ತಡವಾಯಿತು. ಒಳಗೆ ಬಂದಾಗ ಎರಡು ಫೋನೂ ಬಡಿದುಕೊಳ್ಳುತ್ತಿದ್ದವು. ಸೂರ್ಯಪ್ರಕಾಶ್ ನನ್ನನ್ನು ನೋಡಿ, ಚಿಕ್ಕರಂಗಯ್ಯನಿಗೂ ಭೀಮರಾಜುವಿಗೂ ಇಬ್ಬರಿಗೂ ಗುಂಡಿ ಒತ್ತಿ ಕೊಟ್ಟಾಯಿತು ಎಂದು ನಿರಾಳವಾಗಿ ಹೇಳಿದರು. ಭೀಮರಾಜು ಕೇಳಿದ್ದು ಕೆರೆಕೋಡಿ ಲೈನು. ನಾನು ಗೋಡೆಯ ಕಡೆ ತಿರುಗಿದೆ. ಕೆರೆಕೋಡಿಯ ದೀಪ ಕೆಂಪಗೆ ಉರಿಯುತ್ತಿತ್ತು. ಅಯ್ಯೋ ಅದು ತೆಗೆದಿಲ್ಲ ಎಂದು ಕೂಗಬೇಕಿತ್ತು, ‘ಅ’ ಎಂಬಲ್ಲೇ ಗಂಟಲು ಕಚ್ಚಿಕೊಂಡಿತು. ಓಡಿ ಹೋಗಿ ಸ್ವಿಚ್ಚಿಗೆ ಕೈ ಹಾಕುವಷ್ಟರಲ್ಲಿ ಬ್ರೇಕರ್ ದಡ್ ಎಂದು ತಾನೇ ಬಿತ್ತು. ಸಬ್‌ಸ್ಟೇಷನ್ನಿನಲ್ಲಿ ಕೆಲಸ ಮಾಡಿದವರಿಗೆ ಆ ಹೊತ್ತಿನಲ್ಲಿ ಆ ಸದ್ದಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ; ಉಳಿದವರಿಗೆ ಹೇಳುತ್ತೇನೆ, ತಂತಿಗೆ ಏನೋ, ಯಾರೋ ತಗುಲಿದರೆ ಅದು ಹಾಗೆ ಬೀಳುತ್ತದೆ.

ಭೀಮರಾಜು ಮೇಲೆ ಹತ್ತಿದಮೇಲೂ ತಂತಿಗೆ ಕೈ ಹಾಕುವ ಮುಂಚೆ ಉಳಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ರಾಡ್ ತಾಗಿಸಿ ನೋಡುವವನು. ಅದರಿಂದ ಜೀವ ಉಳಿಯಿತು. ರಾಡ್ ತಾಗಿದ ಕೂಡಲೇ ಎದ್ದ ಬೆಂಕಿಗೆ ಬಲಗೈ ಮೊಣಕೈವರೆಗೆ ಸುಟ್ಟು, ಎಚ್ಚರ ತಪ್ಪಿ ಬೆಲ್ಟಿನಲ್ಲಿ ನೇತಾಡುತ್ತಿದ್ದನಂತೆ. ತೋಟದವರು ಏಣಿ ಹಾಕಿ ಇಳಿಸಿದರು. ಆಸ್ಪತ್ರೆಗೆ ನಾನು ಹೋದಾಗ ಅವನ ಹೆಂಡತಿ ನಿರ್ಮಲಾ ನನ್ನನ್ನು ಕಂಡು ಮುಖ ತಿರುಗಿಸಿದಳು. ಭೀಮರಾಜು ಮಾತ್ರ ನನ್ನನ್ನು ನೋಡಿ ನಗಲು ನೋಡಿದ.

“ನಿನ್ ಗಂಟ್ಲು ವಾಸಿಯಾಯ್ತು ಅಂದ್ಕಂಡೆ ಕಣಕ್ಕ,” ಅಂದ. “ನಮ್ಮೂರಮ್ಮನಿಗೆ ಒಂದ್ ಚೀಲ ಈಡುಗಾಯಿ ಹೊಡಿತೀನಿ ಅಂತ ಹರಕೆ ಕಟ್ಕಂಡಿದ್ದೆ. ಫೋನ್ನಾಗೆ ನಿನ್ ದನಿ ಮೊದ್ಲಿನಂಗೇ ಬಂತು. ಅಮ್ಮ ಕಣ್ಣು ಬುಟ್ಳು ಅನ್ಕಂಡು ಆ ಖುಷೀಲಿ ಹತ್ಬುಟ್ಟೆ.”

ಮಾನ್ಯರೇ, ಇಲ್ಲಿ ಸ್ವಲ್ಪ ನಿಂತು ಓದಿ. ಅವನು ಅಜಾಗರೂಕತೆಯಿಂದ ಹತ್ತಲಿಲ್ಲ. ನನ್ನ ಮೇಲಿನ ಪ್ರೀತಿಯಿಂದ ಹತ್ತಿದ. ತನ್ನ ಹರಕೆ ಫಲಿಸಿತೆಂದು ಹತ್ತಿದ. ಮುಂದಿನ ಸಾಲು ಬಾರದೆಯೂ ಅವನು ಕಂಬ ಮುಟ್ಟಿದ್ದು ಅದೊಂದೇ ಸಲ. ನನಗೆ ಅಲ್ಲಿ ಮಾತಾಡಲೇಬೇಕಿತ್ತು, ಮಾತಾಡಲು ಆಗುತ್ತಿರಲಿಲ್ಲ, ಪಿಸುಗುಟ್ಟಿದರೆ ವಾರ್ಡಿನ ಗದ್ದಲದಲ್ಲಿ ಕೇಳಿಸುತ್ತಿರಲಿಲ್ಲ. ಸುಟ್ಟವನ ಮಂಚದ ಪಕ್ಕ ಸೋಬಾನೆ ಎತ್ತಬಾರದು. ಹಾಗಾಗಿ ಜೋಗುಳದ ಧಾಟಿ ಹಿಡಿದು, ಸಣ್ಣ ದನಿಯಲ್ಲಿ, ಪೆಟ್ಟಿಗೆ ಬಂದದ್ದು, ಗುಂಡಿ ಇಟ್ಟದ್ದು, ನಾನು ಯಾರ್ಡಿನಲ್ಲಿದ್ದದ್ದು ಎಲ್ಲವನ್ನೂ ಹಾಡಿ ಹೇಳಿದೆ. ವಾರ್ಡಿನವರೆಲ್ಲ ಇವಳಿಗೆ ತಲೆ ಕೆಟ್ಟಿದೆ ಎಂದು ನೋಡುತ್ತಿದ್ದರು. ಹಾಡು ಮುಗಿದಾಗ ನಿರ್ಮಲಾ ನನ್ನ ಕಡೆ ತಿರುಗಿದಳು. ಅವಳು ಅಳಲಿಲ್ಲ, ಬೈಯಲೂ ಇಲ್ಲ. “ಅಂಗಾದ್ರೆ ಆ ಪೆಟ್ಗೆ ಇನ್ನೂ ಅಲ್ಲೇ ಐತಾ ಅಕ್ಕ?” ಎಂದು ಕೇಳಿದಳು. ನಾನು ಹೌದೆಂದು ತಲೆಯಾಡಿಸಿದೆ.

ಆಮೇಲೆ ತಮ್ಮ ವಿಚಾರಣೆ. ಫೋನಿನ ರೆಕಾರ್ಡಿಂಗ್ ಎಲ್ಲರ ಮುಂದೆ ಹಾಕಿಸಿದಿರಿ. ಎರಡು ವರ್ಷದ ಮೇಲೆ ನಾನು ಅವಳನ್ನು ಕೇಳಿದೆ, ಆ ಹಳೆಯ ರಾಧಾಮಣಿಯನ್ನು. ಎಷ್ಟು ಧೈರ್ಯವಾಗಿ, ಎಷ್ಟು ಹಿತವಾಗಿ ಮಾತಾಡುತ್ತಾಳೆ! ತೀರಿಹೋದ ತಂಗಿಯ ದನಿ ಕೇಳಿದಂತಾಯಿತು. ಈ ಧ್ವನಿ ನಿಮ್ಮದೇ ಎಂದು ಕೇಳಿದಿರಿ. ನನ್ನದೇ, ಇಲ್ಲವೆನ್ನುವುದು ಹೇಗೆ? ಭೀಮರಾಜುವೂ ಅಕ್ಕನ ದನೀನೇ ಸಾ ಎಂದ, ಅವನು ಸುಳ್ಳು ಹೇಳುವವನಲ್ಲ. ನಾನು ವಿವರಿಸಲು ಬಾಯಿ ತೆರೆದಾಗ ಎಂದಿನಂತೆ ಗಂಟಲು ಬಿಗಿಯಿತು. ನೋಡಿ, ಫೋನಿನಲ್ಲಿ ಅರಳು ಹುರಿದಂತೆ ಮಾತಾಡುವವಳು ಇಲ್ಲಿ ನಾಟಕ ಆಡುತ್ತಾಳೆ ಎಂದಿರಿ. ಹೀಗೆ ಒಂದೇ ಕಲ್ಲಿಗೆ ಎರಡು ಹಕ್ಕಿ ಬಿದ್ದವು. ತಪ್ಪು ಲೈನ್ ಕ್ಲಿಯರ್ ಕೊಟ್ಟವಳೂ ನಾನೇ ಆದೆ, ಸುಳ್ಳು ಕಾಯಿಲೆಯವಳೂ ನಾನೇ ಆದೆ. ಪೆಟ್ಟಿಗೆಯ ಬಗ್ಗೆ ನಾನು ಬರೆದುಕೊಟ್ಟರೂ, ಭೀಮರಾಜು ಬಾಯಿಬಿಟ್ಟು ಹೇಳಿದರೂ ಅದರ ಹೆಸರು ತಮ್ಮ ವರದಿಯಲ್ಲಿ ಎಲ್ಲೂ ಬರಲಿಲ್ಲ. ಸೂರ್ಯಪ್ರಕಾಶ್ ತಲೆ ತಗ್ಗಿಸಿ ಕೂತಿದ್ದರು. ಅವರ ಗಂಟಲಿಗೆ ಯಾವ ಕಾಯಿಲೆಯೂ ಇಲ್ಲ, ಆದರೂ ಅಂದು ಅವರಿಗೆ ಒಂದು ಮಾತೂ ಹೊರಡಲಿಲ್ಲ. ಅವರ ಮೇಲೆ ನನಗೆ ದ್ವೇಷವಿಲ್ಲ. ಗುಂಡಿ ಒತ್ತುವ ಕೆಲಸ ಅವರಿಗೆ ಹೇಳಿದವರು ಬೇರೆ.

ಆ ರೆಕಾರ್ಡಿಂಗಿನ ಕೊನೆ ಬಂದಾಗ ತಾವು ಸದ್ದು ತಗ್ಗಿಸಿಬಿಟ್ಟಿರಿ. ಆದರೂ ನನ್ನ ಕಿವಿಗೆ ಬಿತ್ತು. ನನ್ನ ದನಿ ‘ಧನ್ಯವಾದಗಳು’ ಎಂದು ಮುಗಿಸಿದಮೇಲೆ ಭೀಮರಾಜು ‘ಸೋ’ ಅನ್ನುತ್ತಾನೆ. ಒಂದು ಕ್ಷಣ ಕಾಯುತ್ತಾನೆ. ಆಮೇಲೆ ನಗುತ್ತಾ, “ಅಕ್ಕಾ, ಗಂಟ್ಲು ಬಂತಾ?” ಎಂದು ಕೇಳುತ್ತಾನೆ. ಯಾರೂ ಉತ್ತರ ಕೊಡುವುದಿಲ್ಲ. ಫೋನ್ ಕಟ್ ಆಗುತ್ತದೆ. ಬದುಕಿರುವ ರಾಧಾಮಣಿ ಆ ಕಡೆ ಇದ್ದಿದ್ದರೆ, ಮಾತಲ್ಲದಿದ್ದರೂ ಕಡೆಗೊಂದು ನಗು ಅವನಿಗೆ ಕೇಳಿಸುತ್ತಿರಲಿಲ್ಲವೇ? ವಿಚಾರಣೆ ಮಾಡಿದ ತಮಗೆ ಇದು ಹೊಳೆಯಲಿಲ್ಲವೇ, ಅಥವಾ ಹೊಳೆದದ್ದರಿಂದಲೇ ತಗ್ಗಿಸಿದಿರಾ?

ಈಗ ಕೃತ್ತಿಕೆ ಕಳೆಯುತ್ತ ಬಂತು. ರೋಹಿಣಿ ಬಂದರೆ ಮತ್ತೆ ಗಾಳಿ, ಮತ್ತೆ ಗರಿ, ಮತ್ತೆ ಕಂಬ. ನಾನು ಮನೆಯಲ್ಲಿದ್ದೇನೆ, ನನ್ನ ದನಿ ಕೆಲಸಕ್ಕೆ ಹೋಗುತ್ತಿದೆ. ಪೆಟ್ಟಿಗೆ ಯಶಸ್ವಿಯಾಗಿದೆ ಎಂದು ಇನ್ನಷ್ಟು ಸ್ಟೇಷನ್‌ಗಳಿಗೆ ಅದನ್ನೇ ಇಡಿಸುತ್ತಿದ್ದೀರಂತೆ, ಎಲ್ಲದರಲ್ಲೂ ಅದೇ ನಮಸ್ಕಾರ, ಅದೇ ಧನ್ಯವಾದ. ಮೊನ್ನೆ ಮೋಡ ಕಟ್ಟಿದಾಗ ಅಂಗಳದಲ್ಲಿ ನಿಂತು ನೋಡುತ್ತಿದ್ದೆ, ದೂರದ ತೋಟದ ಕಂಬದ ಮೇಲೆ ಯಾರೋ ಹತ್ತುತ್ತಿದ್ದ. ಅವನ ಕಿವಿಯಲ್ಲಿ ಈಗಷ್ಟೇ ನಾನು ಮಾತಾಡಿ ಕಳಿಸಿರಬಹುದು ಎನಿಸಿ, ಅವನು ಇಳಿಯುವವರೆಗೆ ಒಳಗೆ ಹೋಗಲಿಲ್ಲ. ಇನ್ನೊಂದು ಭಯವನ್ನೂ ಹೇಳಿಬಿಡುತ್ತೇನೆ. ಸ್ವಂತ ಖರ್ಚಿನಲ್ಲಿ ಸೂಜಿ ಹಾಕಿಸಿಕೊಳ್ಳಲು ಡಾಕ್ಟರಮ್ಮ ದಿನ ಕೊಟ್ಟಿದ್ದಾರೆ. ಎರಡು ವರ್ಷದಿಂದ ನಾನು ಬೇಡಿಕೊಂಡದ್ದು ಇದನ್ನೇ. ಈಗ ಹೋಗಲು ಹೆದರಿಕೆ. ನನ್ನ ದನಿ ಸರಿಯಾಗಿಬಿಟ್ಟರೆ, ಯಾವುದು ನಾನು, ಯಾವುದು ಪೆಟ್ಟಿಗೆ ಎಂದು ಕಂಬದ ಬುಡದಲ್ಲಿ ನಿಂತವನು ಹೇಗೆ ತಿಳಿಯುತ್ತಾನೆ? ಗಂಟಲು ಕೆಟ್ಟಿರುವುದೇ ಅವರಿಗೆ ಕ್ಷೇಮ ಎನ್ನುವ ಸ್ಥಿತಿಗೆ ನನ್ನನ್ನು ತಂದಿಟ್ಟಿದ್ದೀರಿ.

ಆದ್ದರಿಂದ ನನ್ನ ಒತ್ತಾಯ ಇಷ್ಟು. ರೋಹಿಣಿ ಮಳೆಗೆ ಮುಂಚೆ ಆ ಪೆಟ್ಟಿಗೆಗಳನ್ನು ಎಲ್ಲ ಸ್ಟೇಷನ್‌ಗಳಿಂದ ಕೀಳಿಸಿ, ಅದರೊಳಗಿನ ನನ್ನ ದನಿಯನ್ನು ಅಳಿಸಿಹಾಕಿ. ಫೋನಿನ ರೆಕಾರ್ಡಿಂಗನ್ನು ಭೀಮರಾಜು ಮತ್ತು ನಿರ್ಮಲಾ ಎದುರಿಗೆ, ಸದ್ದು ತಗ್ಗಿಸದೆ, ಕೊನೆಯವರೆಗೆ ಹಾಕಿಸಿ. ಅವನ ಕೈ ಸುಟ್ಟದ್ದು ಅವನ ತಪ್ಪಿನಿಂದಲ್ಲ ಎಂದು ಬರೆದುಕೊಡಿ, ಆ ಬಲಗೈ ಇನ್ನು ಮುಷ್ಟಿ ಹಿಡಿಯುವುದಿಲ್ಲವಂತೆ, ಹರಕೆಯ ಕಾಯಿ ಚೀಲ ಅವರ ಅಟ್ಟದಲ್ಲೇ ಕೂತಿದೆ. ನನ್ನ ಕಾಯಿಲೆ ನಿಜವೆಂದು ಒಪ್ಪಿ ಚಿಕಿತ್ಸೆಗೆ ರಜೆ ಕೊಡಿ. ನನ್ನನ್ನು ಕೆಲಸಕ್ಕೆ ಮರಳಿ ತೆಗೆದುಕೊಳ್ಳುವುದು ಬಿಡುವುದು ಆಮೇಲಿನ ಮಾತು. ಮೊದಲನೆಯದನ್ನು ಮಾಡದಿದ್ದರೆ ಉಳಿದದ್ದಕ್ಕೆ ಅರ್ಥವಿಲ್ಲ.

ತಾವು ಮಾಡುತ್ತೀರೆಂಬ ನಂಬಿಕೆ ನನಗೆ ಕಡಿಮೆ. ಅದಕ್ಕೇ ಈ ಪತ್ರದ ಕೊನೆಯ ಮಾತು ತಮಗಲ್ಲ, ತೋಟಗಳಲ್ಲಿ ಓಡಾಡುವ ನನ್ನ ಅಣ್ಣತಮ್ಮಂದಿರಿಗೆ. ಅಪ್ಪಾ, ಫೋನಿನಲ್ಲಿ ನನ್ನ ದನಿ ಕೇಳಿದರೆ, ಅದು ಎಷ್ಟೇ ಚೆನ್ನಾಗಿರಲಿ, ಖುಷಿಪಡಬೇಡಿ. ನನಗೆ ವಾಸಿಯಾಯಿತೆಂದು ತಿಳಿಯಬೇಡಿ. ‘ಸೋ’ ಅನ್ನಿ, ಕಾಯಿರಿ. ಆ ಕಡೆಯಿಂದ ಮುಂದಿನ ಸಾಲು ಬಾರದಿದ್ದರೆ ಅಲ್ಲಿ ಯಾರೂ ಇಲ್ಲ. ಕಂಬ ಹತ್ತಬೇಡಿ.

ಇಂತಿ,
ತಮ್ಮ ಕಚೇರಿಯಲ್ಲಿ ಈಗಲೂ ದಿನವಿಡೀ ಮಾತಾಡುತ್ತಿರುವ,
ಮನೆಯಲ್ಲಿ ಮಾತು ಬಾರದೆ ಕೂತಿರುವ
ರಾಧಾಮಣಿ
ಅಮಾನತಿನಲ್ಲಿರುವ ಆಪರೇಟರ್, ಹೊನ್ನವಳ್ಳಿ ಕಡೆಯವಳು